ತವರಿನಲ್ಲೇ ತೆರೆ ಕಾಣದ ಕಾರ್ಟೂನ್: ಇದಕ್ಕೆ ‘ನಿಷೇಧ’ ಎನ್ನಬಹುದೇ?

‘ತಯಾರಾದ ದೇಶದಲ್ಲೇ ಇದನ್ನು ತೋರಿಸುವುದಿಲ್ಲ, ನಮ್ಮ ಮಕ್ಕಳಿಗೆ ಮಾತ್ರ ತೋರಿಸುತ್ತಾರೆ, ಎಲ್ಲ ಪೋಷಕರಿಗೂ ಕಳುಹಿಸಿ’ ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಬೇಗ ಓಡುತ್ತವೆ. ಇವತ್ತು ಕಾರ್ಟೂನ್ ಬಗ್ಗೆ ಬಂದರೆ, ನಾಳೆ ಬಿಸ್ಕತ್ತಿನ ಬಗ್ಗೆ, ನಾಡಿದ್ದು ಜ್ವರದ ಮಾತ್ರೆಯ ಬಗ್ಗೆ ಬರುತ್ತದೆ. ವಸ್ತು ಬದಲಾದರೂ ತರ್ಕ ಒಂದೇ: ಒಂದು ವಸ್ತು ಒಂದು ದೇಶದಲ್ಲಿ ಇಲ್ಲವೆಂದರೆ ಅಲ್ಲಿ ಅದನ್ನು ನಿಷೇಧಿಸಿರಬೇಕು, ನಿಷೇಧಿಸಿದ್ದಾರೆಂದರೆ ಅದರಲ್ಲಿ ಅಪಾಯ ಇರಬೇಕು.

ಈ ತರ್ಕ ಎಲ್ಲಿ ತಪ್ಪುತ್ತದೆ? ಜಪಾನಿನ ಹೆಸರಾಂತ ಕಾರ್ಟೂನೊಂದರ ಕವಲು ಸರಣಿಯನ್ನು ಇಟ್ಟುಕೊಂಡು ನೋಡೋಣ. ಅದು ನಿಜಕ್ಕೂ ಜಪಾನಿನಲ್ಲಿ ಬಿಡುಗಡೆಯಾಗಲಿಲ್ಲ.

ಏನಿದು ಬೇವೀಲ್ಸ್?

ಬೇಬ್ಲೇಡ್ ಹೆಸರು ಕೇಳದ ಮಕ್ಕಳಿರುವ ಮನೆ ಕಡಿಮೆ. ಜಪಾನಿನಲ್ಲಿ ‘ಬೇಗೊಮ’ ಎಂಬ ಪುಟ್ಟ ಬುಗುರಿಯ ಆಟವಿದೆ. ದಾರ ಸುತ್ತಿ ಎಸೆದು, ಎದುರಾಳಿಯ ಬುಗುರಿಯನ್ನು ಕಣದಿಂದ ಹೊರಗೆ ಹಾರಿಸಬೇಕು. ಈ ಹಳೆಯ ಆಟಕ್ಕೆ ಹೊಸ ರೂಪ ಕೊಟ್ಟು ತಕಾರ ಎಂಬ ಆಟಿಕೆ ಕಂಪನಿ 1999ರಲ್ಲಿ ಬೇಬ್ಲೇಡ್ ಮಾರುಕಟ್ಟೆಗೆ ತಂದಿತು. ಅದರ ಕಾಮಿಕ್ಸ್ ಬಂತು, 2001ರಲ್ಲಿ ಟಿವಿ ಸರಣಿ ಶುರುವಾಯಿತು. ಜಪಾನಿನ ಹೊರಗೆ ಈ ಆಟಿಕೆಯನ್ನು ಮಾರಿದ್ದು ಅಮೆರಿಕದ ಹ್ಯಾಸ್ಬ್ರೊ ಕಂಪನಿ.

2009ರಲ್ಲಿ ಜಪಾನಿನಲ್ಲಿ ಎರಡನೇ ತಲೆಮಾರಿನ ಸರಣಿ ಆರಂಭವಾಯಿತು. ನಮ್ಮಲ್ಲಿ ಇದು ‘ಮೆಟಲ್ ಫ್ಯೂಷನ್’ ಎಂಬ ಹೆಸರಿನಿಂದ ಪರಿಚಿತ. ಇದರ ಕವಲಾಗಿ 2012ರಲ್ಲಿ ಬಂದದ್ದೇ ‘ಬೇವೀಲ್ಸ್’. ಇದರಲ್ಲಿ ಬುಗುರಿಯ ಬದಲು ಚಕ್ರಗಳು ಕಾದಾಡುತ್ತವೆ. ಒಟ್ಟು 13 ಕಂತು. ಜಪಾನಿನ ಡಿ-ರೈಟ್ಸ್ ಮತ್ತು ಕೆನಡಾದ ನೆಲ್ವಾನಾ ಕಂಪನಿಗಳು ಇದರ ಹಿಂದಿದ್ದವು. ಉತ್ತರ ಅಮೆರಿಕದ ಟಿವಿಗಳಲ್ಲಿ ಪ್ರಸಾರವಾದ ಈ ಸರಣಿ ಜಪಾನಿನ ಟಿವಿಗೆ ಬರಲೇ ಇಲ್ಲ. ಇದರ ಬೆನ್ನಿಗೆ ಬಂದ ‘ಬೇವಾರಿಯರ್ಸ್’ ಕವಲಿನ ಕಥೆಯೂ ಇದೇ.

ಅಂದರೆ ‘ತಯಾರಾದ ದೇಶದಲ್ಲೇ ತೋರಿಸಲಿಲ್ಲ’ ಎಂಬ ಮಾತು ಇಲ್ಲಿ ನಿಜ. ಆದರೆ ಅದರಿಂದ ‘ನಿಷೇಧಿಸಿದ್ದಾರೆ’ ಎಂಬ ತೀರ್ಮಾನ ಹುಟ್ಟುವುದಿಲ್ಲ.

ಹಾಗಾದರೆ ಜಪಾನಿನಲ್ಲಿ ಏಕೆ ಬರಲಿಲ್ಲ?

ಇಂಥ ಕಾರ್ಟೂನ್‌ಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಗಮನಿಸಿದರೆ ಉತ್ತರ ಸಿಗುತ್ತದೆ. ಆಟಿಕೆ ಆಧಾರಿತ ಕಾರ್ಟೂನ್ ಒಂದು ರೀತಿಯಲ್ಲಿ ಉದ್ದನೆಯ ಜಾಹೀರಾತು. ಟಿವಿಯಲ್ಲಿ ನಾಯಕನ ಕೈಗೆ ಹೊಸ ಬುಗುರಿ ಬಂದ ವಾರ, ಅದೇ ಬುಗುರಿ ಅಂಗಡಿಯಲ್ಲೂ ಇರಬೇಕು. ಮಗು ನೋಡಿ, ಅಪ್ಪ ಅಮ್ಮನನ್ನು ಕಾಡಿ, ಅದನ್ನು ಕೊಂಡರೆ ಸರಣಿಗೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಅಂಗಡಿಯಲ್ಲಿ ಆಟಿಕೆಯೇ ಇಲ್ಲದಿದ್ದರೆ ಸರಣಿ ಪ್ರಸಾರ ಮಾಡುವುದಕ್ಕೆ ಕಾರಣವೂ ಇರುವುದಿಲ್ಲ.

ಬೇವೀಲ್ಸ್ ಚಕ್ರಗಳು ಹ್ಯಾಸ್ಬ್ರೊ ತನ್ನ ಮಾರುಕಟ್ಟೆಗೆಂದು ತಂದ ಆಟಿಕೆಗಳು. ಅದೇ 2012ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ‘ಜೀರೋ-ಜಿ’ ಎಂಬ ಬೇರೆಯೇ ಬೇಬ್ಲೇಡ್ ಸರಣಿ ಶುರುವಾಗಿತ್ತು, ಅದರ ಬುಗುರಿಗಳು ಅಲ್ಲಿ ಮಾರಾಟಕ್ಕಿದ್ದವು. ಒಂದೇ ಹೆಸರಿನಲ್ಲಿ ಎರಡು ಆಟಿಕೆ, ಎರಡು ಕಥೆ ಒಟ್ಟಿಗೆ ನಡೆಸಿದರೆ ಒಂದು ಇನ್ನೊಂದರ ವ್ಯಾಪಾರ ತಿನ್ನುತ್ತದೆ. ಇದು ಮಾರುಕಟ್ಟೆಯ ಲೆಕ್ಕಾಚಾರ. ಇದರಲ್ಲಿ ಸರ್ಕಾರವೂ ಇಲ್ಲ, ವೈದ್ಯರ ಎಚ್ಚರಿಕೆಯೂ ಇಲ್ಲ.

ಇಂಥವು ಇನ್ನೂ ಇವೆ

ಜಪಾನಿನ ತೋಯಿ ಸ್ಟುಡಿಯೋ 1981ರಲ್ಲಿ ‘ಗೋಲಯನ್’ ಎಂಬ 52 ಕಂತುಗಳ ರೋಬೋ ಸರಣಿ ಆರಂಭಿಸಿತು. ಇದನ್ನು ಅಮೆರಿಕದ ಕಂಪನಿಯೊಂದು ಕೊಂಡು, ಕತ್ತರಿಸಿ, ಸಂಭಾಷಣೆ ಬದಲಿಸಿ 1984ರಲ್ಲಿ ‘ವೋಲ್ಟ್ರಾನ್’ ಎಂದು ತೋರಿಸಿತು. ಅಲ್ಲಿನ ಮಕ್ಕಳು ಮುಗಿಬಿದ್ದು ನೋಡಿದರು. ಆದರೆ ಕಂತುಗಳು ಮುಗಿದುಹೋಗಿದ್ದವು! ಆಗ ಆ ಕಂಪನಿ ತೋಯಿಯಿಂದಲೇ 20 ಹೊಸ ಕಂತು ಮಾಡಿಸಿಕೊಂಡಿತು. ಕಥೆ ಮುಗಿದೇ ಹೋಗಿದ್ದ ಜಪಾನಿಗೆ ಅವು ಬೇಕಾಗಿರಲಿಲ್ಲ.

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಇದೆ. ‘ಟ್ರಾನ್ಸ್‌ಫಾರ್ಮರ್ಸ್’ ಟಿವಿ ಸರಣಿ ಅಮೆರಿಕದಲ್ಲಿ ನಿಂತ ಮೇಲೂ ಜಪಾನಿನಲ್ಲಿ ಆಟಿಕೆ ಚೆನ್ನಾಗಿ ಮಾರಾಟವಾಗುತ್ತಿತ್ತು. ಹಾಗಾಗಿ 1987ರಿಂದ ಜಪಾನಿನವರೇ ತಮಗೆ ಬೇಕಾದ ಮುಂದುವರಿಕೆ ಮಾಡಿಕೊಂಡರು. ಆಗ ಅಮೆರಿಕದ ಟಿವಿಯಲ್ಲಿ ಅವು ಬರಲಿಲ್ಲ.

ನಮ್ಮ ದೇಶಕ್ಕೆಂದೇ ಆದದ್ದೂ ಒಂದಿದೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಮಾತಾಗಿದ್ದ ಬೇಸ್‌ಬಾಲ್ ಕಥೆ ‘ಕ್ಯೋಜಿನ್ ನೊ ಹೋಶಿ’. ಬೇಸ್‌ಬಾಲ್ ಜಾಗದಲ್ಲಿ ಕ್ರಿಕೆಟ್ ಇಟ್ಟು, ಬಡ ಹುಡುಗನೊಬ್ಬ ಕ್ರಿಕೆಟಿಗನಾಗಿ ಬೆಳೆಯುವ ಕಥೆಯಾಗಿ ಅದನ್ನು ಬದಲಿಸಿ ‘ಸೂರಜ್: ದಿ ರೈಸಿಂಗ್ ಸ್ಟಾರ್’ ಮಾಡಲಾಯಿತು. ಜಪಾನಿ ಮತ್ತು ಭಾರತೀಯ ಸ್ಟುಡಿಯೋಗಳು ಸೇರಿ ಮಾಡಿದ ಇದು 2012ರ ಡಿಸೆಂಬರ್‌ನಲ್ಲಿ ಕಲರ್ಸ್ ಹಿಂದಿ ವಾಹಿನಿಯಲ್ಲಿ ಶುರುವಾಯಿತು. ಕ್ರಿಕೆಟ್ ಗೊತ್ತಿಲ್ಲದವರಿಗೆ ಕ್ರಿಕೆಟ್ ಕಥೆ ಮಾಡುವುದಿಲ್ಲವಲ್ಲ. ಯಾರಿಗಾಗಿ ಮಾಡಿದರೋ ಅವರಿಗೆ ತೋರಿಸಿದರು, ಅಷ್ಟೇ.

ನಿಜವಾಗಿ ಹಿಂತೆಗೆದುಕೊಂಡದ್ದು ಹೇಗಿರುತ್ತದೆ?

ಹಾಗೆಂದು ಕಾರ್ಟೂನ್‌ನಿಂದ ಯಾರಿಗೂ ಯಾವತ್ತೂ ತೊಂದರೆ ಆಗಿಲ್ಲ ಎಂದಲ್ಲ. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ‘ಪೊಕೆಮಾನ್’ ಸರಣಿಯ 38ನೇ ಕಂತು ಪ್ರಸಾರವಾಯಿತು. ಸ್ಫೋಟದ ದೃಶ್ಯವೊಂದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದವು. ನೋಡುತ್ತಿದ್ದವರಲ್ಲಿ ಹಲವರಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್ ಕಾಣಿಸಿಕೊಂಡಿತು. ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಲಾಯಿತು, ಅವರಲ್ಲಿ ಹೆಚ್ಚಿನವರು ಮಕ್ಕಳು. ಬಹುತೇಕರು ಬೇಗ ಚೇತರಿಸಿಕೊಂಡರು.

ಇದರ ಹಿಂದಿನ ಕಾರಣ ವೈದ್ಯಕೀಯಕ್ಕೆ ಗೊತ್ತಿರುವಂಥದ್ದೇ. ಕೆಲವರ ಮಿದುಳು ವೇಗವಾಗಿ ಮಿನುಗುವ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತದೆ, ಅಂಥವರಿಗೆ ಅಪಸ್ಮಾರದ ಸೆಳವು ಬರಬಹುದು. ಕತ್ತಲೆ ಕೋಣೆ, ಹತ್ತಿರದಲ್ಲೇ ಕೂತು ನೋಡುವುದು, ಕೆಂಪು ಬಣ್ಣದ ಮಿನುಗು ಇದನ್ನು ಹೆಚ್ಚಿಸುತ್ತವೆ.

ಆಮೇಲೆ ಏನಾಯಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಸರಣಿ ನಾಲ್ಕು ತಿಂಗಳು ನಿಂತಿತು. ಆ ಕಂತನ್ನು ಮತ್ತೆ ಎಲ್ಲಿಯೂ ಪ್ರಸಾರ ಮಾಡಲಿಲ್ಲ, ಬೇರೆ ದೇಶಗಳಿಗೂ ಕೊಡಲಿಲ್ಲ. ಪ್ರಸಾರಕರು ಮಿನುಗುವ ದೃಶ್ಯಗಳಿಗೆ ಮಾರ್ಗಸೂಚಿ ಮಾಡಿಕೊಂಡರು. ಕೋಣೆಯಲ್ಲಿ ಬೆಳಕಿರಲಿ, ಟಿವಿಯಿಂದ ದೂರ ಕೂತು ನೋಡಿ ಎಂಬ ಸೂಚನೆ ಅಲ್ಲಿನ ಕಾರ್ಟೂನ್‌ಗಳ ಆರಂಭದಲ್ಲಿ ಸಾಮಾನ್ಯವಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೊಕೆಮಾನ್ ಕಂತಿಗೆ ಒಂದು ದಿನಾಂಕವಿದೆ, ನಡೆದ ಘಟನೆಯಿದೆ, ಕಾರಣವಿದೆ, ಆಮೇಲೆ ಬಂದ ನಿಯಮವಿದೆ. ಬೇವೀಲ್ಸ್ ವಿಷಯದಲ್ಲಿ ಇದ್ಯಾವುದೂ ಇಲ್ಲ. ಅಪಾಯವೆಂದು ಹಿಂತೆಗೆದದ್ದು ಎಲ್ಲ ಕಡೆಯೂ ನಿಂತಿತು. ವ್ಯಾಪಾರಕ್ಕೆ ಒಗ್ಗದ್ದು ಒಂದು ಕಡೆ ಮಾತ್ರ ಬರಲಿಲ್ಲ.

ರಾಮಾಯಣಕ್ಕೂ ಅಂಟಿದ ‘ನಿಷೇಧ’

ಭಾರತ ಮತ್ತು ಜಪಾನ್ ಸೇರಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರದ ಬಗ್ಗೆ ನೀವೂ ಕೇಳಿರಬಹುದು. ಯುಗೊ ಸಾಕೊ ಅವರ ಕನಸಿನ ಈ ಚಿತ್ರವನ್ನು ನಮ್ಮ ಅನಿಮೇಷನ್ ದಿಗ್ಗಜ ರಾಮ್ ಮೋಹನ್ ಕೂಡ ನಿರ್ದೇಶಿಸಿದ್ದರು. ಕಥೆ ನಮ್ಮದೇ ಆದರೂ ಇಲ್ಲಿನ ಚಿತ್ರಮಂದಿರಗಳಿಗೆ ಅದು ವ್ಯಾಪಕವಾಗಿ ಬಂದದ್ದು 2025ರ ಜನವರಿ 24ರಂದು. ಈ ದೀರ್ಘ ಗೈರುಹಾಜರಿಯೇ ‘ಭಾರತದಲ್ಲಿ ನಿಷೇಧವಾಗಿದ್ದ ಚಿತ್ರ’ ಎಂಬ ಹೆಸರು ತಂದುಕೊಟ್ಟಿತು.

ವಾಸ್ತವ ಬೇರೆ. ವಿದೇಶಿಯರು ರಾಮಾಯಣ ಮಾಡುವುದಕ್ಕೆ ಆರಂಭದಲ್ಲಿ ಆಕ್ಷೇಪ ಬಂದದ್ದು ನಿಜ. ಆದರೆ 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲೇ ಅದರ ಪ್ರದರ್ಶನವಾಯಿತು, ಮುಂದೆ ಟಿವಿಯಲ್ಲೂ ಬಂತು. ನಿಷೇಧವಾದ ಚಿತ್ರ ಸರ್ಕಾರಿ ಚಿತ್ರೋತ್ಸವದಲ್ಲಿ ಓಡುವುದಿಲ್ಲ. ಇನ್ನೊಂದು ಮಾತು: 2025ರಲ್ಲಿ ಅದು ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನಲ್ಲಿ ತೆರೆಕಂಡಿತು, ಕನ್ನಡದಲ್ಲಿ ಬರಲಿಲ್ಲ. ಹಾಗೆಂದು ಕನ್ನಡದಲ್ಲಿ ಅದಕ್ಕೆ ನಿಷೇಧವಿದೆ ಎಂದು ನಾವ್ಯಾರೂ ಹೇಳುವುದಿಲ್ಲ. ಡಬ್ ಮಾಡಿಲ್ಲ ಎನ್ನುತ್ತೇವೆ. ನಮಗೆ ಹತ್ತಿರದ ವಿಷಯದಲ್ಲಿ ಸುಲಭವಾಗಿ ಕಾಣುವ ವ್ಯತ್ಯಾಸ, ದೂರದ ದೇಶದ ಮಾತು ಬಂದಾಗ ಕಾಣದೆ ಹೋಗುತ್ತದೆ.

ಮಾತ್ರೆಯ ವಿಷಯಕ್ಕೆ ಬಂದಾಗ

ಕಾರ್ಟೂನ್ ವಿಷಯದಲ್ಲಿ ಈ ಗೊಂದಲದಿಂದ ದೊಡ್ಡ ನಷ್ಟವಿಲ್ಲ. ಔಷಧದ ವಿಷಯದಲ್ಲಿ ಇದೆ. ನೋವಿಗೆ, ಜ್ವರಕ್ಕೆ ಕೊಡುವ ನಿಮೆಸುಲೈಡ್ ಮಾತ್ರೆಯನ್ನು ‘ಅಮೆರಿಕದಲ್ಲಿ ನಿಷೇಧಿಸಿದ್ದಾರೆ’ ಎನ್ನುವುದುಂಟು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿ, ಮಾರಾಟವಾಗಿ, ಆಮೇಲೆ ನಿಂತದ್ದಲ್ಲ. ಅದು ಅಲ್ಲಿನ ಮಾರುಕಟ್ಟೆಗೆ ಬಂದೇ ಇಲ್ಲ.

ಹಾಗಾದರೆ ಅದು ಪೂರ್ತಿ ಸುರಕ್ಷಿತವೇ? ಹಾಗೂ ಅಲ್ಲ. ಯಕೃತ್ತಿಗೆ ಹಾನಿಯಾಗಬಹುದೆಂಬ ಕಾರಣಕ್ಕೆ 2007ರಲ್ಲಿ ಐರ್ಲೆಂಡ್ ಅದರ ಮಾರಾಟ ನಿಲ್ಲಿಸಿತು. 2011ರಲ್ಲಿ ಭಾರತ ಸರ್ಕಾರವೇ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ತಾಯ್ತಂದೆಯರಿಗೆ ಬೇಕಾದ ಮಾಹಿತಿ ಇದು. ಆದರೆ ‘ಅಮೆರಿಕದಲ್ಲಿ ನಿಷೇಧ’ ಎಂದು ಕೂಗುವ ಸಂದೇಶದಲ್ಲಿ, ನಮ್ಮಲ್ಲೇ ಇರುವ ಈ ನಿಷೇಧ ಮುಚ್ಚಿಹೋಗುತ್ತದೆ. ಸುಳ್ಳು ಹೆದರಿಕೆಯ ದೊಡ್ಡ ಅಪಾಯವೇ ಇದು: ನಿಜವಾದ ಎಚ್ಚರಿಕೆಯನ್ನು ಅದು ಹಿಂದಕ್ಕೆ ತಳ್ಳುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಿ

‘ಆ ದೇಶದಲ್ಲಿ ನಿಷೇಧ’ ಎಂಬ ಸಂದೇಶ ಬಂದರೆ ಈ ನಾಲ್ಕು ಪ್ರಶ್ನೆ ಸಾಕು:

• ಅಲ್ಲಿ ಅದು ಮೊದಲು ಇತ್ತೇ? ಬಂದೇ ಇಲ್ಲದ್ದನ್ನು ನಿಲ್ಲಿಸಿದರು ಎನ್ನಲು ಆಗದು. ಬರುವ ಮೊದಲೇ ತಡೆದಿದ್ದರೆ ಅದಕ್ಕೂ ಆದೇಶ ಇರುತ್ತದೆ.

• ನಿಷೇಧಿಸಿದವರು ಯಾರು, ಯಾವಾಗ? ಇಲಾಖೆಯ ಹೆಸರು, ದಿನಾಂಕ ಇಲ್ಲದ ನಿಷೇಧವನ್ನು ನಂಬಬೇಡಿ.

• ಯಾರಿಗೆ, ಎಷ್ಟರ ಮಟ್ಟಿಗೆ? ಎಲ್ಲರಿಗೂ ನಿಷೇಧವೇ, ಮಕ್ಕಳಿಗೆ ಮಾತ್ರವೇ, ಒಂದು ಕಂತಿಗೆ ಮಾತ್ರವೇ?

• ಅಲ್ಲಿ ಇಲ್ಲದಿರಲು ಬೇರೆ ಸರಳ ಕಾರಣ ಇದೆಯೇ? ಬೇಡಿಕೆ ಇಲ್ಲದಿರುವುದು, ಹಕ್ಕು ಬೇರೆಯವರ ಬಳಿ ಇರುವುದು, ಅರ್ಜಿಯನ್ನೇ ಹಾಕದಿರುವುದು, ಡಬ್ ಆಗದಿರುವುದು.

ನಾಲ್ಕಕ್ಕೂ ಉತ್ತರ ಸಿಕ್ಕರೆ ಆ ಸಂದೇಶ ಹಂಚಲು ಯೋಗ್ಯ. ಸಿಗದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ. ಔಷಧದ ಮಾತಾದರೆ, ಗುಂಪಿಗೆ ಕಳುಹಿಸುವ ಬದಲು ನಿಮ್ಮ ವೈದ್ಯರನ್ನು ಕೇಳಿ.