ಹಂಚಿನ ಹದ
ಕೊಟ್ಟೂರಿನ ತೇರಿಗೆ ಸ್ಟೇರಿಂಗ್ ಇಲ್ಲ; ಗಾಲಿಯಡಿ ಮರದ ತುಂಡು ಕೊಟ್ಟೇ ದಾರಿಗೆ ತರಬೇಕು. ರಿಮೋಟಿನ ನೈಟ್ರೋ ಟೂರಿಂಗ್ ಕಾರು ಗಾತ್ರದಲ್ಲೂ ಸ್ಟೇರಿಂಗಿನಲ್ಲೂ ತೇರಿಗೆ ತದ್ವಿರುದ್ಧ: ಅಸಲಿ ಕಾರಿನ ಹತ್ತನೇ ಒಂದು ಅಳತೆ, ಎರಡು ಸಿ.ಸಿ. ಚಿಲ್ಲರೆ ಎಂಜಿನ್, ಸ್ಟೇರಿಂಗಿಗೊಂದು ಸರ್ವೋ ಮೋಟಾರು, ಥ್ರಾಟಲ್-ಬ್ರೇಕಿಗೆ ಇನ್ನೊಂದು. ಪೆಟ್ರೋಲ್ ಒಗ್ಗದು; ಮೆಥನಾಲ್, ನೈಟ್ರೋಮೀಥೇನ್, ಎಣ್ಣೆಯ ಮಿಶ್ರಣವೇ ಆಗಬೇಕು. ಹೊಸ ಎಂಜಿನ್ನಿಗೆ ಮೊದಲ ಕೆಲವು ಟ್ಯಾಂಕ್ ಧಾರಾಳವಾಗಿ ಕುಡಿಸಿ ಪಳಗಿಸಿ, ಆಮೇಲೆ ಕಾರ್ಬ್ಯುರೇಟರಿನ ಸೂಜಿ ತಿರುಪು ಬಿಗಿಮಾಡುವುದು, ಅದೂ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ. ಅವಸರಪಟ್ಟರೆ ಪಿಸ್ಟನ್ ಕಥೆ ಮುಗಿಯಿತು. ಹದ ನೋಡಲು ಕೂಡ್ಲಿಗಿಯ ಅಜ್ಜಿ ರೊಟ್ಟಿ ಹಂಚಿಗೆ ಮಾಡುವುದನ್ನೇ ಮಾಡಿದರಾಯಿತು: ಎಂಜಿನ್ ತಲೆಯ ಮೇಲೊಂದು ಹನಿ ನೀರು. ಎರಡು ಮೂರು ಸೆಕೆಂಡ್ ಚುಂಯ್‌ಗುಟ್ಟಿ ಆರಿದರೆ ಸರಿ. ಬಿದ್ದ ಕೂಡಲೇ ಸಿಡಿದು ಮಾಯವಾದರೆ ತಿರುಪು ಸಡಿಲಿಸಬೇಕು.