ಗಿಟಾರಿನ ಮೆಟ್ಟಿಲುಗಳೂ ಸ್ವರಜ್ಞಾನವೂ

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಬಾಲಿಕೆಯರು ಗಿಟಾರನ್ನು ಕಲಿಯಬಯಸುವುದು ಸಂತೋಷಕರವಾದುದು. ಆದರೆ ಅದರ ಮೆಟ್ಟಿಲುಗಳಿಗೆ ಸ್ವರನಾಮಗಳ ಚೀಟಿಗಳನ್ನಂಟಿಸಿ ಕಲಿಸುವ ಕ್ರಮವನ್ನು ನಾವು ಒಪ್ಪಲಾರೆವು. ಅದರಿಂದ ಕಣ್ಣು ಕಲಿಯುವುದು, ಕಿವಿ ಕಲಿಯದು. ವೀಣೆಯಲ್ಲಿ ಮೇಣದ ಮೇಲೆ ನಿಲ್ಲಿಸಿದ 24 ಮೆಟ್ಟಿಲುಗಳಿವೆ. ಅವುಗಳ ಮೇಲೆ ಹೆಸರು ಬರೆಯುವ ವಾಡಿಕೆಯಿಲ್ಲ. ಸರಳೆ ವರಸೆಯನ್ನು ಹಾಡುತ್ತ ನುಡಿಸಿಯೇ ಶಿಷ್ಯೆಯರು ಸ್ಥಾನಗಳನ್ನು ಅರಿಯುವರು.

ಗಿಟಾರಿಗೂ ಇದೇ ಮಾರ್ಗವು ಯೋಗ್ಯ. ಅದರ ತಂತಿಗಳು ಆರಾದರೂ ಸ್ವರಸ್ಥಾನಗಳು 12 ಮಾತ್ರ; 12ನೆಯ ಮೆಟ್ಟಿಲಿನಲ್ಲಿ, ಒತ್ತದೆ ಮೀಟಿದ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಮರಳುವುದು. ದಿನಕ್ಕೊಂದು ಸ್ವರವನ್ನು ಹೆಸರು ಹೇಳಿ ಹಾಡಿ, ಆರು ತಂತಿಗಳಲ್ಲಿಯೂ ಹುಡುಕಿದರೆ 12 ದಿನಗಳಲ್ಲಿ ಒಂದು ಸುತ್ತು ಮುಗಿಯುವುದು. ಸಂಗಡಿಗಳ ಕಂಠಕ್ಕಾಗಿ ಶ್ರುತಿಯನ್ನು ಬದಲಿಸಬೇಕಾದಾಗ ಚೀಟಿಯನ್ನು ನಂಬಿದವಳು ತಡವರಿಸುವಳು, ಸ್ವರವನ್ನರಿತವಳು ಜೊತೆಗೂಡುವಳು. ತಾಯ್ತಂದೆಗಳು ಚೀಟಿಗಳನ್ನು ತೆಗೆಯಿಸಿ, ಮಗಳಿಗೆ ಮೊದಲು ಹಾಡಲು ಹೇಳಲಿ.