ಗದ್ದಕ್ಕೆ ಹಲಗೆ ಹಿಡಿಯೋ ಗಣಿತ

ಸ್ನೋಬೋರ್ಡ್ ಕೊಳ್ಳೋಕೆ ಹೋದ್ರೆ ಸಾಕು, ಯಾರಾದ್ರೂ ಒಬ್ಬ ಅದನ್ನ ನಿಮ್ಮ ಪಕ್ಕ ನಿಲ್ಲಿಸಿ ‘ಗದ್ದಕ್ಕೆ ಬಂತು, ಸರಿಯಿದೆ’ ಅಂತಾನೆ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸೋ ಊರಿನಿಂದ ಬಂದವನು ನಾನು. ಆದರೂ ಮೂರು ಚಳಿಗಾಲದ ಹಿಂದೆ ಡೆನ್ವರ್‌ನಲ್ಲಿ ಈ ಮಾತು ನಂಬಿ, ಟ್ರಿಕ್ಸ್ ಕಲಿಯೋಕೆ ಅಂತ 149 ಸೆಂ.ಮೀ. ಬೋರ್ಡ್ ಹೊತ್ಕೊಂಡು ಬಂದೆ. ನನ್ನೆತ್ತರ 170, ಗದ್ದದ ಲೆಕ್ಕ ಸರಿಯಾಗೇ ಇತ್ತು. ತೂಕ 84 ಕೆಜಿ. ಅದನ್ನ ಯಾರೂ ಕೇಳಲಿಲ್ಲ. ಕೇಳೋದು ಮರ್ಯಾದೆ ಅಲ್ಲ ಅಂತಲೋ ಏನೋ!

ಅಲ್ಲಾ ಸ್ವಾಮಿ, ನನ್ನ ತಲೆ ಎಲ್ಲಿದೆ ಅಂತ ಬೋರ್ಡಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಗೊತ್ತಾಗೋದು ಮೇಲಿಂದ ಬೀಳೋ ಭಾರ ಮಾತ್ರ. ಬೋರ್ಡ್ ಅಂದ್ರೆ ಒಂದು ಸ್ಪ್ರಿಂಗು. ಭಾರ ಜಾಸ್ತಿಯಾದ್ರೆ ಅತಿಯಾಗಿ ಬಾಗುತ್ತೆ, ಕಮ್ಮಿಯಾದ್ರೆ ಬಾಗೋದೇ ಇಲ್ಲ. ಅದಕ್ಕೇ ತಯಾರಕರು ಪ್ರತಿ ಅಳತೆಗೂ ತೂಕದ ಪಟ್ಟಿ ಕೊಡ್ತಾರೆ. ಬ್ರೆಕೆನ್‌ರಿಜ್‌ನ ಪಾರ್ಕಿನಲ್ಲಿ ಒಂದು ಪುಟ್ಟ ಜಂಪ್ ಇಳಿದಾಗ ನನ್ನ ಬಾಲದ ತುದಿ ಕುಸಿದು, ಕುಂಡೆ ಮೇಲೆ ಕೂತು, ಮಣಿಕಟ್ಟು ಉಳುಕಿಸಿಕೊಂಡ ಮೇಲೆ ಆ ಪಟ್ಟಿ ತೆಗೆದು ನೋಡಿದೆ. 149ರ ಸಾಲು ನನ್ನ ತೂಕಕ್ಕಿಂತ ಬಹಳ ಮೊದಲೇ ಮುಗಿದಿತ್ತು.

ಗಿಡ್ಡ ಬೋರ್ಡ್ ಕೆಟ್ಟದ್ದು ಅಂತಲ್ಲ. ತುದಿಗಳ ಭಾರ ಕಾಲಿಗೆ ಹತ್ತಿರ ಇರೋದ್ರಿಂದ ಸಲೀಸಾಗಿ ತಿರುಗುತ್ತೆ, ಕಂಬಿ ಮೇಲೆ ಜಾರುವಾಗ ಹೇಳಿದ ಮಾತು ಕೇಳುತ್ತೆ. ಆದರೆ ಗಾಳಿಯಲ್ಲಿ ಉಳಿಸಿದ್ದನ್ನ ನೆಲಕ್ಕಿಳಿಯುವಾಗ ಬಡ್ಡಿ ಸಮೇತ ಕಟ್ಟಬೇಕು. 2014ರಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಬಂದ ಸ್ಲೋಪ್‌ಸ್ಟೈಲ್ ನೋಡಿ, ಕಂಬಿಯೂ ಜಂಪೂ ಒಂದೇ ಓಟದಲ್ಲಿ. ಎರಡಕ್ಕೂ ಒಂದೇ ಬೋರ್ಡು. ಹಾಗಾಗಿ ಮೊದಲು ತೂಕಕ್ಕೆ ಸರಿಯಾದ ಅಳತೆ ಹುಡುಕಿ, ಆಮೇಲೆ ಅದರಿಂದ ಎರಡೋ ಮೂರೋ ಸೆಂಟಿಮೀಟರ್ ಕಳೆಯಿರಿ. ಗದ್ದದಿಂದ ಕಳೀಬೇಡಿ. ಎತ್ತರಕ್ಕೂ ಒಂದಿಷ್ಟು ಬೆಲೆ ಇದೆ ಬಿಡಿ, ಕಾಲು ಎಷ್ಟು ಅಗಲಿಸಿ ನಿಲ್ಲಬೇಕು ಅನ್ನೋದಕ್ಕೆ.

ಇನ್ನು ಅಗಲ. ಇದರ ಬಗ್ಗೆ ಯಾರೂ ಬಾಯೇ ಬಿಡಲ್ಲ. ಬರಿಗಾಲಲ್ಲಿ ಹೊಲ ಸುತ್ತಿದ ಪಾದ ನಂದು, ಅಮೆರಿಕದ ಅಳತೆಯಲ್ಲಿ ಬೂಟು 11. ಬೋರ್ಡಿನ ನಡು ಸಣ್ಣಗಿದ್ರೆ ಬೆರಳ ತುದಿ ಆಚೆ ಚಾಚಿ, ವಾಲಿದಾಗ ಹಿಮಕ್ಕೆ ಗುದ್ದಲಿ ಹಾಕಿದ ಹಾಗೆ ಕಚ್ಚಿಕೊಳ್ಳುತ್ತೆ. ಬೀಳೋದು ನಾವು, ‘ಬ್ಯಾಲೆನ್ಸ್ ಇಲ್ಲ’ ಅಂತ ಬೈಸಿಕೊಳ್ಳೋದೂ ನಾವೇ. ಅಗಲದ ಬೋರ್ಡ್ ಒಂದು ಅಂಚಿಂದ ಇನ್ನೊಂದಕ್ಕೆ ತುಸು ನಿಧಾನ, ನಿಜ. ಮುಖ ಹಿಮದಲ್ಲಿ ಹೂತುಕೊಳ್ಳೋದಕ್ಕಿಂತ ವಾಸಿ.

ಉದ್ದ, ಅಗಲ ಆದ್ಮೇಲೆ ಮೆದುವಾಗಿ ಬಾಗೋ ಬೋರ್ಡ್ ನೋಡಿ. ಮೂತಿ, ಬಾಲ ಎರಡೂ ಒಂದೇ ಥರ ಇರ್ಲಿ, ಹಿಂದುಮುಂದಾಗಿ ಜಾರಿದ್ರೂ ವ್ಯತ್ಯಾಸ ಗೊತ್ತಾಗಬಾರದು. ಬಣ್ಣ ಕೊನೆಗೆ.

ಹೋದ ಡಿಸೆಂಬರ್‌ನಲ್ಲಿ 154ರ ವೈಡ್ ತಗೊಂಡೆ. ಬೇರೆ ಅಂಗಡಿ, ಬೇರೆ ಹುಡುಗ. ಅವನೂ ಬೋರ್ಡ್ ಎತ್ಕೊಂಡು ನನ್ನ ಗದ್ದದ ಹತ್ರ ಬಂದ. ತೂಕದ ಯಂತ್ರ ಎಲ್ಲಿದೆಯಪ್ಪ ಅಂತ ಕೇಳಿದೆ.